ಹದಿನೆಂಟಕ್ಕೆ ಮುಗಿಯುವ ಓಟವಲ್ಲ ಹರ್ಡಲ್ಸ್

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯ ಕ್ರೀಡಾ ಪುಟದಲ್ಲಿ ಕಳೆದ ವಾರ ಶಾಲಾ ಕ್ರೀಡಾಕೂಟಗಳ ಕುರಿತು ಪ್ರಕಟವಾದ ಲೇಖನವನ್ನು ಎರಡು ಬಾರಿ ಓದಿದೆ. ಬೆಳಗಿನ ಅಭ್ಯಾಸಕ್ಕೆ ಬರುವ ಮಕ್ಕಳ ಹೊಟ್ಟೆಗೆ ಏನಾದರೂ ಬೀಳಬೇಕೆಂಬ ಮಾತಿಗೂ, ಆಟದ ಮೈದಾನವನ್ನು ಸಭೆ ಸಮಾರಂಭಗಳಿಗೆ ಬಿಟ್ಟುಕೊಡಬಾರದೆಂಬ ಮಾತಿಗೂ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಲೇಖನದ ಕೊನೆಯಲ್ಲಿ, ಹರ್ಡಲ್ಸ್, ಎಂದರೆ ಸಾಲಾಗಿ ಇಟ್ಟ ತಡೆಗಳನ್ನು ದಾಟುತ್ತ ಓಡುವ ಓಟ, ಓಡುವ ಹುಡುಗಿಯೊಬ್ಬಳು ಹದಿನೆಂಟು ತುಂಬುವುದರೊಳಗೆ ರಾಜ್ಯಮಟ್ಟದ ಪದಕ ಗಳಿಸದಿದ್ದರೆ ಬೇರೆ ಸ್ಪರ್ಧೆಗೆ ಹೋಗುವುದೋ ಓದಿನ ಕಡೆ ತಿರುಗುವುದೋ ಲೇಸು ಎಂಬ ಸಲಹೆಯೊಂದಿದೆ. ಬೇಲೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದೈಹಿಕ ಶಿಕ್ಷಣ ಶಿಕ್ಷಕನಾಗಿ ಕೆಲಸ ಮಾಡಿ ಈಗ ಹಾಸನದಲ್ಲಿ ನೆಲೆಸಿರುವ ನನಗೆ ಈ ಮಾತು ಹೊಸದಲ್ಲ. ಇದನ್ನು ನಾನೇ ಒಮ್ಮೆ ಒಬ್ಬ ಹುಡುಗಿಗೆ ಹೇಳಿದ್ದೇನೆ. ಅದೆಷ್ಟು ದೊಡ್ಡ ತಪ್ಪು ಎಂಬುದು ನನಗೆ ತಿಳಿದದ್ದು ದಕ್ಷಿಣ ಕೊರಿಯಾದ ಒಬ್ಬ ಓಟಗಾರ್ತಿಯ ವೃತ್ತಿಜೀವನವನ್ನು ನೋಡಿದ ಮೇಲೆ. ಅವರ ಹೆಸರು ಜಂಗ್ ಹೇ-ರಿಮ್. ಜಂಗ್ ಎಂಬುದು ಮನೆತನದ ಹೆಸರು. ಅವರಲ್ಲಿ ಅದು ಮೊದಲು ಬರುತ್ತದೆ.

2018ರ ಆಗಸ್ಟ್ 26ರ ಸಂಜೆಯನ್ನು ಅಥ್ಲೆಟಿಕ್ಸ್ ಬಲ್ಲ ಭಾರತೀಯರು ಮರೆತಿರಲಾರರು. ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಅಂದು ಹಿಮಾ ದಾಸ್ 400 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದರು, ದ್ಯುತಿ ಚಂದ್ 100 ಮೀಟರ್ ಓಟವನ್ನು 11.32 ಸೆಕೆಂಡುಗಳಲ್ಲಿ ಮುಗಿಸಿ ಬೆಳ್ಳಿ ತಂದರು. ನಮ್ಮ ಮನೆಯ ಟಿ.ವಿ. ಮುಂದೆ ಬೀದಿಯ ಹುಡುಗರೆಲ್ಲ ಸೇರಿದ್ದರು. ಅದೇ ಸಂಜೆ, ಅದೇ ಟ್ರ್ಯಾಕಿನಲ್ಲಿ ಮಹಿಳೆಯರ 100 ಮೀಟರ್ ಹರ್ಡಲ್ಸ್ ಫೈನಲ್ ಕೂಡ ನಡೆಯಿತು. ಹುಡುಗರು ಅದನ್ನು ನೋಡಲಿಲ್ಲ, ಮರುದಿನದ ಪತ್ರಿಕೆಗಳೂ ಅದಕ್ಕೆ ಹೆಚ್ಚು ಜಾಗ ಕೊಡಲಿಲ್ಲ. ಜಂಗ್ ಹೇ-ರಿಮ್ 13.20 ಸೆಕೆಂಡುಗಳಲ್ಲಿ ಮೊದಲಿಗರಾದರು. ಆತಿಥೇಯ ಇಂಡೋನೇಷ್ಯಾದ ಎಮಿಲಿಯಾ ನೋವಾ 13.33ರಲ್ಲಿ ಬೆಳ್ಳಿಯನ್ನೂ ಹಾಂಗ್‌ಕಾಂಗ್‌ನ ಲುಯಿ ಲೈ ಯಿಯು 13.42ರಲ್ಲಿ ಕಂಚನ್ನೂ ಪಡೆದರು. ಆ ಕೂಟದ ಅಥ್ಲೆಟಿಕ್ಸ್‌ನಲ್ಲಿ ದಕ್ಷಿಣ ಕೊರಿಯಾಕ್ಕೆ ಸಿಕ್ಕ ಚಿನ್ನ ಅದೊಂದೇ. ಜಂಗ್ ಹುಟ್ಟಿದ್ದು 1987ರ ಜುಲೈ 1ರಂದು. ಚಿನ್ನ ಗೆದ್ದ ದಿನ ಅವರಿಗೆ ಮೂವತ್ತೊಂದು ತುಂಬಿ ಎರಡು ತಿಂಗಳಾಗುತ್ತಿತ್ತು.

ಆ ಚಿನ್ನಕ್ಕೆ ಮೊದಲಿನ ವರ್ಷಗಳನ್ನು ತಮ್ಮ ಓದುಗರು ಗಮನಿಸಬೇಕೆಂಬುದು ನನ್ನ ಆಸೆ, ಏಕೆಂದರೆ ಲೇಖನದ ಸಲಹೆಗೆ ಉತ್ತರ ಇರುವುದು ಅಲ್ಲಿಯೇ. 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇಪ್ಪತ್ತಮೂರರ ಜಂಗ್ ಅವರಿಗೆ ಪದಕ ಸಿಗಲಿಲ್ಲ; ಅದೇ ಸ್ಪರ್ಧೆಯ ಚಿನ್ನ ಅವರದೇ ದೇಶದ ಹಿರಿಯ ಓಟಗಾರ್ತಿಯ ಪಾಲಾಯಿತು. 2011ರಲ್ಲಿ ಜಪಾನಿನ ಕೋಬೆಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ 13.11 ಸೆಕೆಂಡುಗಳಲ್ಲಿ ಓಡಿ ಬೆಳ್ಳಿ ಗೆದ್ದರು, ಚಿನ್ನ ಗೆದ್ದ ಚೀನಾದ ಸುನ್ ಮಿನ್‌ಜಿಂಗ್ ಅವರಿಗೂ ಇವರಿಗೂ ಇದ್ದ ಅಂತರ ಸೆಕೆಂಡಿನ ನೂರರಲ್ಲಿ ಎರಡು ಪಾಲು. ಅದೇ ವರ್ಷ ವಿಶ್ವ ಚಾಂಪಿಯನ್‌ಷಿಪ್ ಅವರದೇ ನಾಡಿನ ದೇಗುವಿನಲ್ಲಿ ನಡೆಯಿತು, ಅಲ್ಲಿಯೂ ಓಡಿದರು. 2012ರ ಲಂಡನ್ ಒಲಿಂಪಿಕ್ಸ್‌ಗೆ ಹೋಗಿ ಮೊದಲ ಸುತ್ತಿನಲ್ಲಿಯೇ ಹೊರಬಿದ್ದರು. 2014ರಲ್ಲಿ ಏಷ್ಯನ್ ಕ್ರೀಡಾಕೂಟವೇ ಮನೆಯಂಗಳಕ್ಕೆ ಬಂತು. ಇಂಚಾನ್‌ನಲ್ಲಿ ಚೀನಾದ ವೂ ಶುಯಿಜಿಯಾವೊ ಎಲ್ಲರಿಗಿಂತ ಬಹಳ ಮುಂದೆ ಓಡಿ ಗೆದ್ದರು, ಜಂಗ್ ನಾಲ್ಕನೆಯವರಾದರು. ತನ್ನ ದೇಶದ ಪ್ರೇಕ್ಷಕರ ಎದುರು, ಇಪ್ಪತ್ತೇಳನೆಯ ವಯಸ್ಸಿನಲ್ಲಿ ನಾಲ್ಕನೆಯ ಸ್ಥಾನ. ನಮ್ಮ ಕಡೆ ಆಗಿದ್ದರೆ ಅಲ್ಲಿಗೆ ಶಾಲು ಹೊದಿಸಿ ಕಳುಹಿಸಿಬಿಡುತ್ತಿದ್ದೆವು. ಅವರು ಓಟ ಮುಂದುವರಿಸಿದರು.

2016ರಲ್ಲಿ ಅವರು ತಮ್ಮ ಜೀವನದ ಅತ್ಯುತ್ತಮ ಓಟ ಓಡಿದರು, 13.04 ಸೆಕೆಂಡು. ರಿಯೊ ಒಲಿಂಪಿಕ್ಸ್‌ಗೆ ನಿಗದಿಯಾಗಿದ್ದ ಅರ್ಹತಾ ಸಮಯ 13.00. ನೂರರಲ್ಲಿ ನಾಲ್ಕು ಪಾಲು ಕಡಿಮೆ ಬಿದ್ದು ಒಲಿಂಪಿಕ್ಸ್ ತಪ್ಪಿತು. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಓಟದ ಹೊತ್ತು ಅಳೆದವರಿಗೆ ಗೊತ್ತು, ಆ ಗುಂಡಿಯನ್ನು ಒತ್ತುವುದರಲ್ಲಿ ನಮ್ಮ ಹೆಬ್ಬೆರಳು ಮಾಡುವ ತಡವೇ ಅದಕ್ಕಿಂತ ಹೆಚ್ಚಿರುತ್ತದೆ. ಮರುವರ್ಷ, 2017ರ ಜುಲೈಯಲ್ಲಿ, ಅವರು ನಮ್ಮ ದೇಶಕ್ಕೇ ಬಂದರು. ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಭಾರತ 12 ಚಿನ್ನ ಸೇರಿ 29 ಪದಕ ಗೆದ್ದು ಪಟ್ಟಿಯ ತುದಿಗೇರಿತೆಂದು ನಾವೆಲ್ಲ ಹಿಗ್ಗಿದ್ದೆವು. ಅದೇ ಕೂಟದಲ್ಲಿ ಜಂಗ್ 13.16 ಸೆಕೆಂಡುಗಳಲ್ಲಿ ಓಡಿ ಏಷ್ಯಾದ ಚಾಂಪಿಯನ್ ಆದರು. ಕೋಬೆಯ ಬೆಳ್ಳಿಯಿಂದ ಭುವನೇಶ್ವರದ ಚಿನ್ನಕ್ಕೆ ಆರು ವರ್ಷ. ಅದರ ಮುಂದಿನ ವರ್ಷವೇ ಜಕಾರ್ತ.

ಇಲ್ಲಿ ನಾನು ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಇಷ್ಟೆಲ್ಲ ಗೆದ್ದ ಜಂಗ್ ತಮ್ಮ ದೇಶದ ದಾಖಲೆಯನ್ನು ಮುರಿಯಲೇ ಇಲ್ಲ. ಕೊರಿಯಾದ ದಾಖಲೆ 2010ರಲ್ಲಿ ಲೀ ಯೊನ್-ಕ್ಯುಂಗ್ ಓಡಿದ 13.00. ಗುವಾಂಗ್‌ಝೌ ಚಿನ್ನ ಗೆದ್ದವರೂ ಅವರೇ. 1981ರಲ್ಲಿ ಹುಟ್ಟಿದ ಲೀ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಪಡೆದಿದ್ದರು. ನಾಲ್ಕು ವರ್ಷ ಬಿಟ್ಟು, ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, 13.23 ಸೆಕೆಂಡುಗಳಲ್ಲಿ ಓಡಿ ಕಜಕಸ್ತಾನದ ನತಾಲ್ಯಾ ಇವೊನಿನ್‌ಸ್ಕಯಾ ಅವರನ್ನು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಷ್ಟು ಹಿಂದೆ ಹಾಕಿ ಚಿನ್ನ ಗೆದ್ದರು. (ಅದೇ ಗುವಾಂಗ್‌ಝೌನಲ್ಲಿ ನಮ್ಮ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದಾಗ ಹಾಸನದಲ್ಲೂ ಸಿಹಿ ಹಂಚಿದ್ದು ನನಗೆ ನೆನಪಿದೆ.) ಇಬ್ಬರು ಕೊರಿಯನ್ ಮಹಿಳೆಯರು, ಒಬ್ಬರು ಇಪ್ಪತ್ತೊಂಬತ್ತರಲ್ಲಿ, ಇನ್ನೊಬ್ಬರು ಮೂವತ್ತೊಂದರಲ್ಲಿ, ಏಷ್ಯಾದ ದೊಡ್ಡ ಕೂಟದಲ್ಲಿ ಒಂದೇ ಸ್ಪರ್ಧೆಯ ಚಿನ್ನ ಗೆದ್ದರು. ಇದನ್ನು ಕಾಕತಾಳೀಯವೆಂದು ತಳ್ಳಿಹಾಕುವ ಮುನ್ನ ಈ ಓಟದ ಒಳಗುಟ್ಟನ್ನು ಸ್ವಲ್ಪ ನೋಡಬೇಕು.

ಮಹಿಳೆಯರ 100 ಮೀಟರ್ ಹರ್ಡಲ್ಸ್‌ನಲ್ಲಿ ಹತ್ತು ತಡೆಗಳಿರುತ್ತವೆ. ಆರಂಭದ ಗೆರೆಯಿಂದ ಮೊದಲ ತಡೆಗೆ 13 ಮೀಟರ್, ಅಲ್ಲಿಂದ ತಡೆ ತಡೆಗೂ 8.5 ಮೀಟರ್, ಕೊನೆಯ ತಡೆಯಿಂದ ಗುರಿಗೆ 10.5 ಮೀಟರ್. ತಡೆಯ ಎತ್ತರ 83.8 ಸೆಂಟಿಮೀಟರ್. ಎರಡು ತಡೆಗಳ ನಡುವೆ ಎಲ್ಲರದೂ ಮೂರೇ ಹೆಜ್ಜೆ. ತಡೆಯ ಹಿಂದೆ ಸುಮಾರು ಎರಡು ಮೀಟರ್ ದೂರದಿಂದಲೇ ನೆಲ ಬಿಟ್ಟು, ದಾಟಿದ ಮೇಲೆ ಸುಮಾರು ಒಂದು ಮೀಟರ್ ಮುಂದೆ ಕಾಲೂರುವುದರಿಂದ, ಆ ಮೂರು ಹೆಜ್ಜೆಗಳಿಗೆ ಉಳಿಯುವ ಜಾಗ ಐದೂವರೆ ಮೀಟರಿನಷ್ಟು ಮಾತ್ರ. ಬಯಲು ಓಟದಲ್ಲಿ ಹೆಜ್ಜೆ ಉದ್ದವಾದಷ್ಟೂ ಒಳ್ಳೆಯದೆಂದು ಹುಡುಗಿಗೆ ಕಲಿಸಿರುತ್ತೇವೆ. ಇಲ್ಲಿ ಅದೇ ಹುಡುಗಿ ತನ್ನ ಹೆಜ್ಜೆಯನ್ನು ಚಿಕ್ಕದು ಮಾಡಿ, ಚಿಕ್ಕದು ಮಾಡಿಯೂ ವೇಗ ಕಳೆದುಕೊಳ್ಳದೆ ಕಾಲಾಡಿಸಬೇಕು. ಏಷ್ಯಾ ಮಟ್ಟದ ಓಟಗಾರ್ತಿ ಒಂದು ತಡೆಯಿಂದ ಇನ್ನೊಂದಕ್ಕೆ ಒಂದು ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು ಹೊತ್ತಿನಲ್ಲಿ ಹೋಗುತ್ತಾಳೆ, ಒಂಬತ್ತು ಸಲ ಒಂದೇ ತಾಳದಲ್ಲಿ. ಎಲ್ಲೋ ಒಂದು ಕಡೆ ಹಿಂಗಾಲಿನ ಮಂಡಿ ತಡೆಗೆ ತಗುಲಿದರೆ ತಾಳ ತಪ್ಪುತ್ತದೆ, ತಪ್ಪಿದ ತಾಳವನ್ನು ಮುಂದಿನ ತಡೆಗೆ ಮೊದಲು ಸರಿಮಾಡಿಕೊಳ್ಳಲು ಮೂರೇ ಹೆಜ್ಜೆ. ಇದು ಮದ್ದಳೆಯ ಕಲಿಕೆಯಂಥ ಕಲಿಕೆ. ಕಾಲಿನ ಬಲ ಇಪ್ಪತ್ತೆರಡಕ್ಕೆ ಬರಬಹುದು, ತಾಳ ಮೈಯಲ್ಲಿ ಕೂರುವುದಕ್ಕೆ ಇನ್ನಷ್ಟು ವರ್ಷ ಬೇಕು. ಬಯಲು ಓಟದಲ್ಲಿ ವಯಸ್ಸಿನೊಂದಿಗೆ ಕಳೆದುಕೊಂಡದ್ದನ್ನು ಹರ್ಡಲ್ಸ್‌ನಲ್ಲಿ ಅನುಭವದಿಂದ ಬಹುಮಟ್ಟಿಗೆ ತುಂಬಿಕೊಳ್ಳಬಹುದೆಂಬುದು ನನ್ನ ತಿಳಿವಳಿಕೆ. ಜಂಗ್ ಅವರ ಸಮಯಗಳನ್ನೇ ನೋಡಿ: 2011ರಲ್ಲಿ 13.11, 2016ರಲ್ಲಿ 13.04, 2017ರಲ್ಲಿ 13.16, 2018ರಲ್ಲಿ 13.20. ಏಳು ವರ್ಷ ಆ ಓಟ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು, ಮತ್ತು ದೊಡ್ಡ ಗೆಲುವುಗಳು ಬಂದದ್ದು ಅತ್ಯುತ್ತಮ ಸಮಯ ಓಡಿದ ಮೇಲೆ, ಅದಕ್ಕಿಂತ ನಿಧಾನವಾದ ಓಟಗಳಲ್ಲಿ.

ಜಕಾರ್ತದ ಪದಕ ವೇದಿಕೆಯಲ್ಲಿ ಚೀನಾದವರೂ ಇರಲಿಲ್ಲ ಜಪಾನಿನವರೂ ಇರಲಿಲ್ಲ, ಹಾಗಾಗಿ ಅದು ಸುಲಭದ ಚಿನ್ನ ಎಂದು ಯಾರಾದರೂ ಹೇಳಬಹುದು. ನಾಲ್ಕು ವರ್ಷ ಹಿಂದೆ ಇಂಚಾನ್‌ನಲ್ಲಿ ಗೆದ್ದ ಸಮಯ 13.20ಕ್ಕಿಂತ ಬಹಳ ವೇಗದ್ದು ಎಂಬುದೂ ನಿಜ. ಆದರೆ ಎದುರಾಳಿಗಳು ಯಾರೆಂಬುದನ್ನು ಓಟಗಾರ್ತಿ ಆರಿಸಿಕೊಳ್ಳುವುದಿಲ್ಲ. ಗೆಲ್ಲುವ ಅವಕಾಶ ಬಂದ ದಿನ ಮೈಯಲ್ಲಿ ಗಾಯವಿಲ್ಲದೆ, ಹತ್ತು ತಡೆಗಳನ್ನೂ ಸರಿಯಾಗಿ ದಾಟುವ ಸ್ಥಿತಿಯಲ್ಲಿ ಗೆರೆಯ ಮೇಲೆ ನಿಂತಿರುವುದು ಅವಳ ಕೈಯಲ್ಲಿದೆ. ಇಂಚಾನ್‌ನಲ್ಲಿ ಓಟ ಬಿಟ್ಟಿದ್ದರೆ ಜಂಗ್ ಜಕಾರ್ತದಲ್ಲಿ ನಿಂತಿರುತ್ತಿರಲಿಲ್ಲ.

ಇನ್ನು ನಮ್ಮ ಲೇಖನಕಾರರು ಹೇಳುವ ಹದಿನೆಂಟರ ವಯಸ್ಸಿಗೆ ಬರುತ್ತೇನೆ. ಹದಿನೆಂಟರೊಳಗಿನ ಹುಡುಗಿಯರ ಸ್ಪರ್ಧೆಯಲ್ಲಿ ತಡೆಯ ಎತ್ತರ 76.2 ಸೆಂಟಿಮೀಟರ್, ಅದಾದ ಮೇಲೆ ಹಿರಿಯರ ಎತ್ತರ, ಎಂದರೆ 83.8. ಏಳೂವರೆ ಸೆಂಟಿಮೀಟರಿಗೂ ಸ್ವಲ್ಪ ಹೆಚ್ಚಿನ ಈ ವ್ಯತ್ಯಾಸ ಕಾಗದದ ಮೇಲೆ ಚಿಕ್ಕದಾಗಿ ಕಾಣುತ್ತದೆ. ಮೈದಾನದಲ್ಲಿ ಅದು ಎಲ್ಲವನ್ನೂ ಬದಲಿಸುತ್ತದೆ: ನೆಲ ಬಿಡುವ ಜಾಗ ಬದಲಾಗುತ್ತದೆ, ಸೊಂಟ ಇನ್ನಷ್ಟು ಮೇಲಿರಬೇಕಾಗುತ್ತದೆ, ಹಿಂಗಾಲನ್ನು ಮಡಿಸಿ ತರುವ ರೀತಿಯನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ. ಗಿಡ್ಡ ಹುಡುಗಿಯರಿಗಂತೂ ಅದು ಬೇರೆಯೇ ಓಟ. ಆ ಬದಲಾವಣೆಯ ವರ್ಷ, ಒಂದೊಂದು ಸಲ ಎರಡು ವರ್ಷ, ಹುಡುಗಿ ಮೊದಲಿಗಿಂತ ನಿಧಾನವಾಗುವುದು ಸಹಜ. ನಾವು ಅದೇ ವರ್ಷವನ್ನು ಆರಿಸಿಕೊಂಡು ಅವಳಿಗೆ ತೀರ್ಪು ಕೊಡುತ್ತೇವೆ. ಪೈರು ಕಿತ್ತು ಬೇರೆ ಗದ್ದೆಗೆ ನಾಟಿ ಮಾಡಿದ ವಾರವೇ ಹೋಗಿ, ಎಲೆ ಬಾಡಿದೆ, ಈ ತಳಿ ಸರಿಯಿಲ್ಲ ಎಂದಂತೆ.

ನಾನು ಮಾಡಿದ್ದೂ ಅದನ್ನೇ. ಆ ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವಳಿಗೆ ಅದು ಇಷ್ಟವಾಗಲಾರದು. 1987ರಲ್ಲಿ ಹುಟ್ಟಿದವಳು, ಜಂಗ್ ಅವರ ಓರಗೆ. ನಮ್ಮ ಶಾಲೆಯಲ್ಲಿ ಆಗ ಹರ್ಡಲ್ಸ್ ಇರಲಿಲ್ಲ. ಸಿಲ್ವರ್ ಓಕ್ ಗೂಟಗಳನ್ನು ನೆಟ್ಟು, ಅವುಗಳ ಮೇಲೆ ಅಡಿಕೆ ದಬ್ಬೆಯನ್ನು ತಾಗಿದರೆ ಬೀಳುವ ಹಾಗೆ ಸಡಿಲವಾಗಿ ಇಟ್ಟು ಅಭ್ಯಾಸ ಮಾಡಿಸುತ್ತಿದ್ದೆ. ಹೋಬಳಿ ಮಟ್ಟದ, ತಾಲ್ಲೂಕು ಮಟ್ಟದ ಕೂಟಗಳು ನಡೆಯುವುದು ಆಗಸ್ಟ್, ಸೆಪ್ಟೆಂಬರ್ ತಿಂಗಳಲ್ಲಿ. ಬೇಲೂರು, ಸಕಲೇಶಪುರದ ಕಡೆ ಆಗ ಮಳೆ ಹೇಗಿರುತ್ತದೆಂದು ಹಾಸನದ ಓದುಗರಿಗೆ ಹೇಳಬೇಕಾಗಿಲ್ಲ. ಎಳೆದ ಸುಣ್ಣದ ಗೆರೆ ಓಟ ಶುರುವಾಗುವುದರೊಳಗೆ ತೊಳೆದುಹೋಗುತ್ತಿತ್ತು, ಮಕ್ಕಳು ಬರಿಗಾಲಲ್ಲಿ ಕೆಸರಿನಲ್ಲಿ ಓಡುತ್ತಿದ್ದರು. ಮಳೆ ನಿಂತು ನೆಲ ಒಣಗಿ ಅಭ್ಯಾಸಕ್ಕೆ ಹದವಾಗುವ ಹೊತ್ತಿಗೆ ಕಾಫಿ ಕುಯ್ಲು ಬರುತ್ತಿತ್ತು, ಅರ್ಧ ತಂಡ ತಾಯಂದಿರ ಜೊತೆ ತೋಟಕ್ಕೆ ಹೋಗುತ್ತಿತ್ತು. ಇವಳೂ ಹೋಗುತ್ತಿದ್ದಳು. ಹಾಗಿದ್ದೂ ಹತ್ತನೆಯ ತರಗತಿಯಲ್ಲಿ ಜಿಲ್ಲೆಗೆ ಮೊದಲು ಬಂದು ಮೈಸೂರು ವಿಭಾಗ ಮಟ್ಟಕ್ಕೆ ಹೋದಳು. ಪಿಯುಸಿಗೆ ಬಂದಾಗ ಎತ್ತರದ ತಡೆ ಬಂತು, ಎರಡು ವರ್ಷವೂ ವಿಭಾಗ ಮಟ್ಟದಲ್ಲಿ ನಾಲ್ಕನೆಯವಳಾದಳು. ಆಯ್ಕೆಯ ಮೇಜಿನ ಬಳಿ ಕುಳಿತಿದ್ದ ಒಬ್ಬರು, ಇನ್ನು ಇವಳಿಂದ ಆಗಲಿಕ್ಕಿಲ್ಲ ಮೇಷ್ಟ್ರೇ ಎಂದರು. ಅವರನ್ನು ನಾನು ದೂರುವುದಿಲ್ಲ. ಊರಿಗೆ ಬಂದು ಅವಳ ತಂದೆಯೆದುರು, ಓಡಿದ್ದು ಸಾಕು, ಇನ್ನು ಓದಿನ ಕಡೆ ನೋಡಮ್ಮ ಎಂದವನು ನಾನು. ಆ ಮನೆಯಲ್ಲಿ ನನ್ನ ಮಾತಿಗೆ ಬೆಲೆಯಿತ್ತು. ಅವಳು ಮರುಮಾತಾಡಲಿಲ್ಲ. ಮರುದಿನದಿಂದ ಮೈದಾನಕ್ಕೆ ಬರಲಿಲ್ಲ.

ಜಕಾರ್ತದ ಆ ಸಂಜೆ ಟಿ.ವಿ. ಪರದೆಯ ಮೇಲೆ ವಿಜೇತೆಯ ವಯಸ್ಸು ಮೂವತ್ತೊಂದು ಎಂದು ತಿಳಿದಾಗ ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ನನ್ನ ವಿದ್ಯಾರ್ಥಿನಿಗೂ ಅಂದು ಮೂವತ್ತೊಂದು. ಅವಳು ಏಷ್ಯಾದ ಪದಕ ಗೆಲ್ಲುತ್ತಿದ್ದಳೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನ್ನಲ್ಲಿ ಯಾವ ಆಧಾರವೂ ಇಲ್ಲ. ಹದಿನೆಂಟಕ್ಕೆ ಅವಳು ಮುಗಿದಳೆಂದು ಹೇಳಲು ಕೂಡ ಯಾವ ಆಧಾರವೂ ಇರಲಿಲ್ಲ, ಆದರೂ ಹೇಳಿದೆ. ಆ ನೋವಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಕೊರಿಯಾ ಮೊದಲಿನಿಂದಲೂ ಓಟದಲ್ಲಿ ದೊಡ್ಡ ದೇಶವಾಗಿತ್ತು, ಅದಕ್ಕೂ ನಮಗೂ ಏನು ಹೋಲಿಕೆ ಎಂದು ಕೇಳುವವರಿದ್ದಾರೆ. ಬಿಲ್ಲುಗಾರಿಕೆ, ಟೇಕ್ವಾಂಡೊಗಳಲ್ಲಿ ಅವರು ದೊಡ್ಡವರು ಹೌದು. ಮ್ಯಾರಥಾನ್‌ನಲ್ಲಿ 1992ರ ಬಾರ್ಸಿಲೋನಾ ಒಲಿಂಪಿಕ್ಸ್ ಚಿನ್ನ ಗೆದ್ದ ಹ್ವಾಂಗ್ ಯಂಗ್-ಚೊ ಅವರವರೇ. ಟ್ರ್ಯಾಕಿನ ವೇಗದ ಓಟಗಳಲ್ಲಿ ಮಾತ್ರ ಅವರ ಹೆಸರು ದೊಡ್ಡದಲ್ಲ. ಇಂಚಾನ್‌ನಲ್ಲಿ ತಮ್ಮದೇ ನೆಲದಲ್ಲಿ ಅಥ್ಲೆಟಿಕ್ಸ್‌ನ ಒಂದು ಚಿನ್ನವೂ ಅವರಿಗೆ ಸಿಗಲಿಲ್ಲ. ಪುರುಷರ 110 ಮೀಟರ್ ಹರ್ಡಲ್ಸ್‌ನಲ್ಲಿ ಕಿಮ್ ಬ್ಯುಂಗ್-ಜುನ್ 13.43 ಸೆಕೆಂಡುಗಳ ರಾಷ್ಟ್ರೀಯ ದಾಖಲೆ ಓಡಿ ಗೆದ್ದ ಬೆಳ್ಳಿಯೇ ಅವರಿಗೆ ಹಿರಿಮೆಯಾಯಿತು. ಅಂಥ ದೇಶದಲ್ಲಿ ಒಬ್ಬ ಹರ್ಡಲ್ಸ್ ಓಟಗಾರ್ತಿ ಮೂವತ್ತು ದಾಟಿದ ಮೇಲೂ ಓಡಲು ಸಾಧ್ಯವಾದದ್ದಕ್ಕೆ ಒಂದು ಸ್ಪಷ್ಟ ಕಾರಣವಿದೆ. ಅಲ್ಲಿ ನಗರಾಡಳಿತಗಳು, ಪ್ರಾಂತಾಡಳಿತಗಳು ತಮ್ಮದೇ ಅಥ್ಲೆಟಿಕ್ಸ್ ತಂಡಗಳನ್ನು ಇಟ್ಟುಕೊಂಡು ಓಟಗಾರರಿಗೆ ಸಂಬಳ ಕೊಡುತ್ತವೆ. ಜಂಗ್ ಒಂದು ಕಾಲದಲ್ಲಿ ಗುಮಿ ನಗರಾಡಳಿತದ ತಂಡದಲ್ಲಿದ್ದರು. ಜಕಾರ್ತಕ್ಕೆ ಹೋಗುವಾಗ ಗ್ವಾಂಗ್ಜು ನಗರಾಡಳಿತದ ತಂಡದವರು. ಎಂದರೆ ನಾಲ್ಕನೆಯ ಸ್ಥಾನ ಬಂದ ವರ್ಷವೂ ಅವರ ಮನೆಯಲ್ಲಿ ಒಲೆ ಉರಿಯುವುದಕ್ಕೆ ತೊಂದರೆಯಿರಲಿಲ್ಲ. ನಮ್ಮಲ್ಲಿ ರೈಲ್ವೆ, ಪೊಲೀಸ್ ಇಲಾಖೆಗಳು ಈ ಕೆಲಸವನ್ನು ಮಾಡುತ್ತ ಬಂದಿವೆ, ಅದಕ್ಕೆ ನಾವು ಋಣಿಗಳು. ಆದರೆ ಆ ಕೆಲಸ ಸಿಗುವುದು ಪದಕ ಬಂದ ಮೇಲೆ. ಹದಿನೆಂಟರಿಂದ ಇಪ್ಪತ್ತಮೂರರವರೆಗಿನ ಪದಕವಿಲ್ಲದ ವರ್ಷಗಳನ್ನು ಯಾರು ನಡೆಸಿಕೊಡಬೇಕು? ಹಾಸನದ ನಗರಾಡಳಿತವೋ ಜಿಲ್ಲಾ ಪಂಚಾಯಿತಿಯೋ ವರ್ಷಕ್ಕೆ ನಾಲ್ಕೈದು ಜನ ಓಟಗಾರರನ್ನಾದರೂ ತಿಂಗಳ ಗೌರವಧನದ ಮೇಲೆ ಇಟ್ಟುಕೊಂಡರೆ, ಒಂದು ವರ್ಷದ ಫಲಿತಾಂಶವನ್ನು ಕೇಳದೆ ಐದು ವರ್ಷ ಇಟ್ಟುಕೊಂಡರೆ, ಅದರ ಖರ್ಚು ಒಂದು ಉತ್ಸವದ ಪೆಂಡಾಲಿಗಿಂತ ಹೆಚ್ಚಾಗಲಾರದು.

ಗುಮಿಯ ಹೆಸರು ಬಂದದ್ದರಿಂದ ಇನ್ನೊಂದು ಮಾತು. 2025ರ ಮೇ 29ರಂದು ಅದೇ ಗುಮಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ, ಸುರಿದ ಮಳೆಯಿಂದ ಗ್ಯಾಲರಿಗಳು ಖಾಲಿಯಾಗಿದ್ದ ಸಂಜೆ, ನಮ್ಮ ಜ್ಯೋತಿ ಯರ‍್ರಾಜಿ 12.96 ಸೆಕೆಂಡುಗಳ ಕೂಟದಾಖಲೆಯೊಂದಿಗೆ 100 ಮೀಟರ್ ಹರ್ಡಲ್ಸ್ ಚಿನ್ನ ಉಳಿಸಿಕೊಂಡರು. ಕೊರಿಯಾದವರು ಒಡಿಶಾಕ್ಕೆ ಬಂದು ಗೆದ್ದು ಎಂಟು ವರ್ಷಕ್ಕೆ, ನಮ್ಮ ವಿಶಾಖಪಟ್ಟಣದ ಹುಡುಗಿ ಕೊರಿಯಾಕ್ಕೆ ಹೋಗಿ ಗೆದ್ದರು. ಜ್ಯೋತಿ ಅವರಿಗೆ ಆಗ ಇಪ್ಪತ್ತೈದು. ಅವರ ಹಾದಿಯೂ ನೇರವಾದುದಾಗಿರಲಿಲ್ಲ. 2020ರ ಜನವರಿಯಲ್ಲಿ ನಮ್ಮ ಮೂಡುಬಿದಿರೆಯಲ್ಲಿ ನಡೆದ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಅವರು 13.03ರಲ್ಲಿ ಓಡಿದ್ದರು, ಅನುರಾಧಾ ಬಿಸ್ವಾಲ್ 2002ರಲ್ಲಿ ಓಡಿದ 13.38ರ ರಾಷ್ಟ್ರೀಯ ದಾಖಲೆ ಅಂದೇ ಮುರಿಯಬೇಕಿತ್ತು. ಉದ್ದೀಪನ ಮದ್ದಿನ ಪರೀಕ್ಷೆಯಾಗಿರಲಿಲ್ಲ, ಭಾರತೀಯ ಅಥ್ಲೆಟಿಕ್ಸ್ ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಇರಲಿಲ್ಲ ಎಂಬ ಕಾರಣಕ್ಕೆ ಅದು ದಾಖಲೆಯಾಗಲಿಲ್ಲ. 2022ರಲ್ಲಿ ಕೋಯಿಕ್ಕೋಡಿನಲ್ಲಿ 13.09 ಓಡಿದಾಗ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2.1 ಮೀಟರ್ ಇತ್ತು, ನಿಯಮ ಒಪ್ಪುವುದು 2.0 ಮಾತ್ರ. ಕೊನೆಗೆ ಆ ವರ್ಷದ ಮೇ 10ರಂದು ಸೈಪ್ರಸ್‌ನ ಲಿಮಾಸೋಲ್‌ನಲ್ಲಿ 13.23 ಓಡಿ ಇಪ್ಪತ್ತು ವರ್ಷದ ಹಳೆಯ ದಾಖಲೆಯನ್ನು ಮುರಿದರು, ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ 12.82. ಇಪ್ಪತ್ತು ವರ್ಷ ಒಂದು ದಾಖಲೆ ಅಲುಗಾಡದೆ ಉಳಿದದ್ದು ಅನುರಾಧಾ ಅವರ ಹಿರಿಮೆ. ಜೊತೆಗೆ, ಆ ಇಪ್ಪತ್ತು ವರ್ಷಗಳಲ್ಲಿ ಈ ದೇಶದ ಎಷ್ಟೋ ಊರುಗಳಲ್ಲಿ ಎಷ್ಟು ಹುಡುಗಿಯರಿಗೆ ನನ್ನಂಥ ಮೇಷ್ಟ್ರುಗಳು ಓಡಿದ್ದು ಸಾಕು ಎಂದಿರಬಹುದು ಎಂಬ ಪ್ರಶ್ನೆಯೂ ನನ್ನನ್ನು ಕಾಡುತ್ತದೆ.

ತಮ್ಮ ಪತ್ರಿಕೆಯಿಂದ ನನ್ನ ಕೋರಿಕೆ ಚಿಕ್ಕದು. ಜಿಲ್ಲಾ ಮಟ್ಟದ ಕೂಟಗಳ ವರದಿಯಲ್ಲಿ ಉದ್ಘಾಟಿಸಿದವರ, ಸನ್ಮಾನ ಪಡೆದವರ ಹೆಸರುಗಳು ಪೂರ್ಣವಾಗಿ ಇರುತ್ತವೆ. ಓಡಿದವರಲ್ಲಿ ಮೊದಲನೆಯವಳ ಹೆಸರಷ್ಟೇ ಇರುತ್ತದೆ, ಅವಳು ಎಷ್ಟು ಹೊತ್ತಿನಲ್ಲಿ ಓಡಿದಳೆಂಬುದು ಇರುವುದೇ ಇಲ್ಲ. ದಯವಿಟ್ಟು ಸಮಯವನ್ನು ಅಚ್ಚು ಹಾಕಿರಿ, ಸಾಧ್ಯವಾದರೆ ತಡೆಯ ಎತ್ತರವನ್ನೂ. ನಾಲ್ಕನೆಯವಳವರೆಗೆ ಹೆಸರು ಕೊಡಿರಿ. ಹುಡುಗಿಯೊಬ್ಬಳು ತಾನು ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ಮುಂದೆ ಬಂದಿದ್ದೇನೆಂದು ತನ್ನ ತಂದೆಗೆ ಪತ್ರಿಕೆಯಲ್ಲಿ ತೋರಿಸಿದರೆ ಅವನು ಇನ್ನೊಂದು ವರ್ಷ ಓಡಲು ಬಿಟ್ಟಾನು; ಪದಕದ ಪಟ್ಟಿಯೊಂದನ್ನೇ ನೋಡಿದರೆ ಬಿಡುವುದಿಲ್ಲ. ಹದಿನೆಂಟರ ಗಡಿಯ ಸಲಹೆಯ ಬಗ್ಗೆ ಲೇಖನಕಾರರು ಮತ್ತೊಮ್ಮೆ ಯೋಚಿಸಿ, ಅದನ್ನು ತಿದ್ದಿ ನಾಲ್ಕು ಸಾಲು ಬರೆದರೆ ಈ ಜಿಲ್ಲೆಯ ದೈಹಿಕ ಶಿಕ್ಷಣ ಶಿಕ್ಷಕರೆಲ್ಲ ಅದನ್ನು ಓದುತ್ತಾರೆ, ಏಕೆಂದರೆ ಆ ಪುಟವನ್ನು ನಾವೆಲ್ಲ ಮೊದಲು ತೆರೆಯುತ್ತೇವೆ.

ನಾನು ಸೇವೆಯಲ್ಲಿದ್ದಷ್ಟು ವರ್ಷವೂ ತಾಲ್ಲೂಕು ಕೂಟಗಳಲ್ಲಿ ಓಡಿದ ಪ್ರತಿ ಹುಡುಗ ಹುಡುಗಿಯ ಸಮಯವನ್ನು ಉದ್ದ ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟಿದ್ದೇನೆ. ಕೈಯಲ್ಲಿ ಹಿಡಿದ ಸ್ಟಾಪ್‌ವಾಚಿನ ಲೆಕ್ಕ, ಹಾಗಾಗಿ ಸೆಕೆಂಡಿನ ಹತ್ತರಲ್ಲಿ ಒಂದೆರಡು ಪಾಲು ಹೆಚ್ಚುಕಡಿಮೆ ಇರಬಹುದು. ಒಟ್ಟು ಹನ್ನೊಂದು ಪುಸ್ತಕ, ಕೆಲವಕ್ಕೆ ಮಳೆನೀರು ತಾಗಿದೆ, ಓದಲು ಬರುತ್ತವೆ. ತಮ್ಮ ಹಾಸನದ ವರದಿಗಾರರು ಬಂದರೆ ಅವನ್ನು ಕೊಡಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಹಾಸನ